ಮೂಳೆಯಿಲ್ಲದ ಮೀನು

ಕಳೆದ ಆಷಾಢದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಾಲ್ಡೀವ್ಸ್ ದ್ವೀಪಗಳಿಂದ ಒಂದು ವಿಡಿಯೋ ಕಳುಹಿಸಿದ. ಕುಣಿಗಲ್ ಕಡೆಯವನು, ತರಗತಿಯಲ್ಲಿ ಕಿಟಕಿಯ ಪಕ್ಕದ ಜಾಗವನ್ನು ಯಾರಿಗೂ ಬಿಟ್ಟುಕೊಡದಿದ್ದ ಹುಡುಗ. ಈಗ ತಲೆ ನರೆತ ಗೃಹಸ್ಥ. ಚಿತ್ರದಲ್ಲಿ ಕಂಡದ್ದಿಷ್ಟು: ಹಸಿರು ಬೆರೆತ ನೀಲಿಯ ನೀರಿನಲ್ಲಿ ಕರಿಯ ಕಂಬಳಿಯೊಂದು ತನ್ನಷ್ಟಕ್ಕೆ ತಾನೇ ರೆಕ್ಕೆ ಬಡಿಯುತ್ತ ಬರುತ್ತದೆ. ಬಾಯಿ ಮೊರದಗಲ ತೆರೆದಿದೆ. ಬಾಯಿಯ ಎರಡು ಪಕ್ಕದಲ್ಲಿ ಹರಿವಾಣದ ಅಂಚಿನಂತೆ ಬಾಗಿದ ಎರಡು ತೊಗಲಿನ ಪಟ್ಟಿಗಳು. ಒಂದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ಉಳುವ ಎತ್ತುಗಳ ಸಾಲಿನಂತೆ ಬಂದು, ಕ್ಯಾಮೆರಾದ ಕೆಳಗೆ ನುಸುಳಿ, ಬಿಳಿಯ ಹೊಟ್ಟೆಯನ್ನು ತೋರಿಸಿ ತಿರುಗಿದವು. ನೀರಿನ ಮೇಲೆ ಬೋರಲಾಗಿ ತೇಲುತ್ತಿದ್ದ ಮನುಷ್ಯರು ಅವುಗಳ ಮುಂದೆ ಮಕ್ಕಳಂತೆ ಕಾಣುತ್ತಿದ್ದರು. ಕೆಳಗೆ ಅವನ ಬರಹ: "ಸಾರ್, ಇದು ಮಾಂಟಾ ರೇ. ಕನ್ನಡದಲ್ಲಿ ಇದಕ್ಕೆ ಏನನ್ನುತ್ತಾರೆ ಅಂತ ಮಗಳು ಕೇಳುತ್ತಿದ್ದಾಳೆ."

ಇತಿಹಾಸ ಭೂಗೋಳಗಳನ್ನು ಮೂರು ದಶಕ ಪಾಠ ಮಾಡಿದವನಿಗೆ ಉತ್ತರ ತಿಳಿಯಲಿಲ್ಲ. ಅದಕ್ಕಾಗಿ ಹುಡುಕುತ್ತ ಹೋದಂತೆ, ಹೆಸರಿಗಿಂತ ದೊಡ್ಡ ಬಾಕಿಯೊಂದು ನನ್ನ ತಲೆಯ ಮೇಲೆ ಉಳಿದಿರುವುದು ಗೊತ್ತಾಯಿತು. ಅದನ್ನು ನಿಮ್ಮೆಲ್ಲರಿಗೂ ತೀರಿಸಬೇಕಾಗಿರುವುದರಿಂದ ಈ ಬರಹ.

ನಮ್ಮ ಸೀಮೆಗೂ ಕಡಲಿಗೂ ಇರುವ ನಂಟು ಬಹಳ ದೂರದ್ದು. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಕಟ್ಟೆಯಲ್ಲಿ ನಿಂತು, ಮುಂದೆ ಕಾವೇರಿಯನ್ನು ಸೇರುತ್ತದೆ. ಅದೇ ಬೆಟ್ಟದ ಇನ್ನೊಂದು ಮಗ್ಗುಲಿನ ಜಯಮಂಗಲಿ ಉತ್ತರಕ್ಕೆ ಹರಿದು ಪಿನಾಕಿನಿಯ ಪಾಲಾಗುತ್ತದೆ. ಪಶ್ಚಿಮದ ಕಡಲು ನಮಗೆ ಹತ್ತಿರ. ಆದರೆ ನಮ್ಮ ನೀರೆಲ್ಲ ಹೋಗುವುದು ಪೂರ್ವದ ಕಡಲಿಗೆ. ನನ್ನ ಬಾಲ್ಯದಲ್ಲಿ ಗುಬ್ಬಿಯವರು ಕಂಡಿದ್ದ ಸಮುದ್ರವೆಂದರೆ ನಾಟಕದ ಪರದೆಯ ಮೇಲೆ ಬಣ್ಣದಲ್ಲಿ ಬರೆದದ್ದು. ಈಜು ಕಲಿತದ್ದು ತೋಟದ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಬೆಂಡಿನ ಕಟ್ಟು ಕಟ್ಟಿಕೊಂಡು. ಮುಳುಗಿ ಉಸಿರು ಹಿಡಿದು ಯಾರು ಹೆಚ್ಚು ಹೊತ್ತು ಇರುತ್ತಾರೆಂಬ ಪಂದ್ಯದಲ್ಲಿ ಗೆದ್ದವನನ್ನು ನಾವು ದುರ್ಯೋಧನನೆಂದು ಕರೆಯುತ್ತಿದ್ದೆವು. ವೈಶಂಪಾಯನ ಸರೋವರದ ಕಥೆ ಎಲ್ಲರಿಗೂ ಗೊತ್ತಿತ್ತು. ಸ್ನಾರ್ಕೆಲಿಂಗ್ ಎನ್ನುವುದಕ್ಕೆ ಜಲಸ್ತಂಭನ ವಿದ್ಯೆಯ ಅಗತ್ಯವಿಲ್ಲ. ಕಣ್ಣಿಗೂ ಮೂಗಿಗೂ ಒಂದು ಗಾಜಿನ ಮುಖವಾಡ, ಬಾಯಲ್ಲಿ ಕಚ್ಚಿಕೊಂಡು ನೀರಿನ ಮೇಲಕ್ಕೆ ಚಾಚಿದ ಒಂದು ಕೊಳವೆ, ಕಾಲಿಗೆ ಬಾತುಕೋಳಿಯ ಪಾದದಂಥ ರಬ್ಬರಿನ ಹಲಗೆ. ಮುಖವನ್ನು ನೀರಿನಲ್ಲಿಟ್ಟು ತೇಲುತ್ತ ಕೆಳಗೆ ನೋಡುತ್ತಿರುವುದು, ಅಷ್ಟೆ.

ಇನ್ನು ಹೆಸರಿನ ವಿಚಾರ. ಸ್ಪ್ಯಾನಿಷ್ ಭಾಷೆಯಲ್ಲಿ ಮಾಂಟಾ ಎಂದರೆ ಹೊದಿಕೆ, ಕಂಬಳಿ. ಮುತ್ತಿಗಾಗಿ ಮುಳುಗುವವರನ್ನು ಈ ಮೀನು ಹೊದ್ದುಕೊಂಡು ಉಸಿರುಗಟ್ಟಿಸುತ್ತದೆಂದು ಹಿಂದಿನವರು ಹೆದರಿದ್ದರಂತೆ. ತಲೆಯ ಎರಡು ಪಟ್ಟಿಗಳನ್ನು ಸುರುಳಿ ಸುತ್ತಿದಾಗ ಕೊಂಬಿನಂತೆ ಕಾಣುವುದರಿಂದ ಯುರೋಪಿನ ನಾವಿಕರು ಇದನ್ನು ಕಡಲ ದೆವ್ವವೆಂದರು. ಪಾಪ, ಇದಕ್ಕೆ ಬಾಲದಲ್ಲಿ ಕುಟುಕುವ ಮುಳ್ಳೂ ಇಲ್ಲ. ತಿನ್ನುವುದು ನೀರಿನಲ್ಲಿ ತೇಲುವ ತೀರ ಸಣ್ಣ ಜೀವಿಗಳನ್ನು. ಆ ಕೊಂಬುಗಳು ನೀರನ್ನು ಬಾಯಿಗೆ ತಿರುಗಿಸುವ ಲಾಳಿಕೆಗಳು. 'ಕಂಬಳಿ ಮೀನು' ಎಂದು ಕರೆಯೋಣವೆಂದುಕೊಂಡೆ. ಕುರಿಯ ಕಂಬಳಿಯ ನಾಡಿನವನಿಗೆ ಅದು ಸಹಜವಾಗಿಯೇ ಹೊಳೆಯಿತು, ಸ್ವಲ್ಪ ಹೆಮ್ಮೆಯೂ ಆಯಿತು. ಬರೆದು ಕಳುಹಿಸುವ ಮೊದಲು ಉಡುಪಿಗೆ ಕೊಟ್ಟಿರುವ ನನ್ನ ತಂಗಿಯ ಮಗಳಿಗೆ ಚಿತ್ರ ತೋರಿಸಿದೆ. ಅವಳು ನಕ್ಕು, "ಮಾವ, ಇದು ತೊರಕೆ ಅಲ್ವಾ? ಕೊಂಬು ಇದೆಯಲ್ಲ, ಕೊಂಬು ತೊರಕೆ. ನಮ್ಮ ಮೀನಿನವಳನ್ನು ಕೇಳಿದ್ದರೂ ಹೇಳುತ್ತಿದ್ದಳು," ಎಂದಳು. ಹೆಸರು ಮೊದಲೇ ಇತ್ತು. ನಾನು ನಿಘಂಟಿನಲ್ಲಿ ಹುಡುಕುತ್ತಿದ್ದೆ, ಅದು ಮಲ್ಪೆಯ ಬಂದರಿನಲ್ಲಿತ್ತು.

ಅವಳೇ ಇನ್ನೊಂದು ಸಂಗತಿ ನೆನಪಿಸಿದಳು. 2021ರ ಅಕ್ಟೋಬರ್‌ನಲ್ಲಿ ಮಲ್ಪೆಯ ದೋಣಿಯೊಂದರ ಬಲೆಗೆ ಇಂಥ ಎರಡು ಮೀನು ಬಿದ್ದಿದ್ದವು. ಒಂದು ಸುಮಾರು 750 ಕಿಲೋ, ಇನ್ನೊಂದು ಸುಮಾರು 250 ಕಿಲೋ. ಕ್ರೇನಿನಿಂದ ಎತ್ತಿದ ಆ ದೃಶ್ಯವನ್ನು ಪತ್ರಿಕೆಗಳಲ್ಲಿ ನಾನೂ ಕಂಡಿದ್ದೆ. ಅಬ್ಬಾ ಎಂದು ಪುಟ ಮಗುಚಿದ್ದೆ. ವಿದ್ಯಾರ್ಥಿಯ ವಿಡಿಯೋದ ಮೀನೂ ಕ್ರೇನಿಗೆ ನೇತುಬಿದ್ದ ಆ ಮೀನೂ ಒಂದೇ ಬಳಗದವೆಂದು ತಿಳಿದದ್ದು ಈಗ.

ಹೆಸರಿನ ಬೆನ್ನು ಹತ್ತಿದಾಗ ಸಿಕ್ಕ ಇನ್ನೊಂದು ವಿಷಯ ನಮ್ಮ ಪಾವಗಡ, ಮಧುಗಿರಿ ಕಡೆಯ ತೆಲುಗು ಮನೆಮಾತಿನ ವಿದ್ಯಾರ್ಥಿಗಳಿಗೆ ಹಿಡಿಸಬಹುದು. ಈಸ್ಟ್ ಇಂಡಿಯಾ ಕಂಪನಿಯ ನಿಸರ್ಗತಜ್ಞನಾಗಿದ್ದ ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ ವಿಶಾಖಪಟ್ಟಣದಲ್ಲಿ ಸಂಗ್ರಹಿಸಿದ ಇನ್ನೂರು ಮೀನುಗಳ ವರ್ಣನೆಯನ್ನು 1803ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದ. ನಮ್ಮ ಹೊಲಗಳ ಕೊಳಕುಮಂಡಲ ಹಾವಿಗೆ ಇಂಗ್ಲಿಷಿನಲ್ಲಿ ರಸೆಲ್ಸ್ ವೈಪರ್ ಎಂಬ ಹೆಸರು ಬಂದದ್ದು ಇವನಿಂದಲೇ. ಮೀನುಗಳಿಗೆ ಅವನು ಸ್ಥಳೀಯ ಬೆಸ್ತರು ಕರೆಯುತ್ತಿದ್ದ ಹೆಸರುಗಳನ್ನೇ ಕಿವಿಗೆ ಬಿದ್ದಂತೆ ಬರೆದುಕೊಂಡ. ಕೊಂಬು ತೊರಕೆಯ ಬಳಗದ ಸಣ್ಣ ಮೀನೊಂದಕ್ಕೆ ಅವನು ದಾಖಲಿಸಿದ್ದು 'ಎರೆಗೂಡೂ ಟೆಂಕೀ' ಎಂದು. 1849ರಲ್ಲಿ ಕ್ಯಾಂಟರ್ ಎಂಬಾತ ಆ ತೆಲುಗು ಮಾತನ್ನೇ ವೈಜ್ಞಾನಿಕ ಹೆಸರಾಗಿಸಿದ. ಮೊನ್ನೆ ಮೊನ್ನೆ ವಿದ್ವಾಂಸರು ಈ ಮೀನನ್ನು ಬೇರೊಂದು ಜಾತಿಯೊಳಗೆ ಸೇರಿಸಿ ಹೆಸರನ್ನು ಕೈಬಿಟ್ಟಿದ್ದರು. ಕೆಲವೇ ವರ್ಷಗಳಲ್ಲಿ, ಅಲ್ಲ, ಇದು ಬೇರೆಯೇ ಎಂದು ಮತ್ತೆ ಎತ್ತಿ ಕೂಡಿಸಿದರು. ಈಗ ಅದು ಮೊಬುಲಾ ಎರೆಗೂಡೂ. ಇನ್ನೂರು ವರ್ಷಗಳ ಹಿಂದೆ ದಡದಲ್ಲಿ ನಿಂತು ಹೆಸರು ಹೇಳಿದ ಬೆಸ್ತನ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಈಗ ನನ್ನ ಬಾಕಿಯ ವಿಚಾರಕ್ಕೆ ಬರುತ್ತೇನೆ. ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಮೀನುಗಾರಿಕೆಯ ಪಾಠದಲ್ಲಿ ನಾನು ಕರಿಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ 'ಕಡಲು ಬರಿದಾಗದ ಭಂಡಾರ' ಎಂದು ಬರೆದು, ಅಡಿಗೆರೆ ಎಳೆಯುತ್ತಿದ್ದೆ. ಒಂದು ಮೀನು ಲಕ್ಷಾಂತರ ಮೊಟ್ಟೆ ಇಡುತ್ತದೆ, ಹಿಡಿದಷ್ಟೂ ಹುಟ್ಟುತ್ತದೆ, ಗಣಿಯ ಅದಿರು ಮುಗಿಯಬಹುದು, ಮೀನು ಮುಗಿಯದು ಎಂದು ವಿವರಿಸುತ್ತಿದ್ದೆ. ಪರೀಕ್ಷೆಯಲ್ಲಿ ಹಾಗೆಯೇ ಬರೆದವರಿಗೆ ಪೂರ್ಣ ಅಂಕ ಕೊಟ್ಟಿದ್ದೇನೆ. ಬರೆಯದವನೊಬ್ಬನಿಗೆ ಅಂಕ ಕಳೆದದ್ದೂ ನೆನಪಿದೆ. ಅವನು 'ಕೆರೆಯ ಮೀನು ಹರಾಜಾದ ವರ್ಷದಲ್ಲಿ ಮುಗಿಯುತ್ತದೆ, ಕಡಲದೂ ಮುಗಿಯಬಹುದು' ಎಂದು ಬರೆದಿದ್ದ. ಕುಣಿಗಲ್ಲಿನ ದೊಡ್ಡಕೆರೆಯ ದಡದವನು ಕಣ್ಣಾರೆ ಕಂಡದ್ದನ್ನು ಬರೆದಿದ್ದ. ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದೆ.

ಆ ತಪ್ಪು ನನ್ನೊಬ್ಬನದಲ್ಲ ಎಂದು ಸಮಾಧಾನಪಟ್ಟುಕೊಳ್ಳಲು ದೊಡ್ಡವರೊಬ್ಬರ ಜೊತೆ ಸಿಗುತ್ತದೆ. 1883ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಮೀನುಗಾರಿಕಾ ಪ್ರದರ್ಶನದಲ್ಲಿ ಮಾತನಾಡಿದ ಥಾಮಸ್ ಹಕ್ಸ್‌ಲಿ, ಸಮುದ್ರದ ದೊಡ್ಡ ಮೀನುಗಾರಿಕೆಗಳು ಬಹುಶಃ ಅಕ್ಷಯವೆಂದೇ ಅಭಿಪ್ರಾಯಪಟ್ಟಿದ್ದರು. ಡಾರ್ವಿನ್ನನ ಪರವಾಗಿ ಲೋಕವನ್ನೇ ಎದುರಿಸಿದ ವಿಜ್ಞಾನಿ! ಕಾಡ್, ಹೆರಿಂಗ್, ಬಂಗುಡೆಗಳಂಥ ಮೀನನ್ನೂ ಆ ಕಾಲದ ಬಲೆಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಮಾತದು. ಸ್ವಲ್ಪ ಎಚ್ಚರದಿಂದಲೇ ಹೇಳಿದ್ದರು. ಆದರೆ ಎಚ್ಚರದ ಭಾಗ ಉದುರಿಹೋಗಿ, ಅಕ್ಷಯವೆಂಬುದು ಮಾತ್ರ ಪಠ್ಯಗಳಿಂದ ಪಠ್ಯಗಳಿಗೆ ಇಳಿಯುತ್ತ ನಮ್ಮ ಕರಿಹಲಗೆಯವರೆಗೂ ಬಂತು. ಬಲೆಗಳು ಮಾತ್ರ ಹಾಗೆಯೇ ಉಳಿಯಲಿಲ್ಲ. ನಮ್ಮ ಕರಾವಳಿಯಲ್ಲಿ ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆ 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ದಡಕ್ಕೆ ಬರುವ ಮೊದಲೇ ಮೀನಿನ ಹಿಂಡನ್ನು ನಡುನೀರಿನಲ್ಲಿ ಸುತ್ತುವರಿಯುವ ಬಲೆ ಅದು. ರಂಪಣಿಯವರಿಗೂ ಪರ್ಸೀನಿನವರಿಗೂ ಜಗಳಗಳಾದವು. ನಾನು ಬರಿದಾಗದ ಭಂಡಾರವೆಂದು ಬರೆಯುತ್ತಿದ್ದದ್ದು ಆ ಜಗಳಗಳಾದ ಮೇಲೆಯೂ.

ಕೊಂಬು ತೊರಕೆಯ ಮಟ್ಟಿಗಂತೂ ನನ್ನ ಪಾಠ ಬುಡದಿಂದಲೇ ಸುಳ್ಳು. ಅದು ಲಕ್ಷ ಮೊಟ್ಟೆಯ ಮೀನಲ್ಲ. ಸುಮಾರು ಒಂದು ವರ್ಷ ಬಸುರಿರುತ್ತದೆ, ಈಯುವುದು ಸಾಮಾನ್ಯವಾಗಿ ಒಂದೇ ಮರಿಯನ್ನು. ಅದೂ ವರ್ಷವರ್ಷವೂ ಅಲ್ಲ. ಎರಡು ಮೂರು ವರ್ಷಕ್ಕೊಮ್ಮೆ, ಕೆಲವು ಸಲ ಇನ್ನೂ ತಡವಾಗಿ. ನಮ್ಮ ಮನೆಯ ಹಸುವಿಗಿಂತಲೂ ನಿಧಾನ. ದಿಬ್ಬಗಳ ಬಳಿ ವಾಸಿಸುವ ಜಾತಿ ಮೂರು ನಾಲ್ಕು ಮೀಟರ್ ಅಗಲ ಬೆಳೆಯುತ್ತದೆ. ನಡುಗಡಲಿನ ದೊಡ್ಡ ಜಾತಿ ಏಳು ಮೀಟರಿನವರೆಗೂ. ಇವೆರಡೂ ಬೇರೆ ಬೇರೆ ಜಾತಿಗಳೆಂದು ಖಚಿತವಾದದ್ದೇ 2009ರಲ್ಲಿ. ಮೀನುಗಳ ಪೈಕಿ ಅತಿ ದೊಡ್ಡ ಮೆದುಳು ಇದರದು. ಇದರ ಕಿವಿರಿನ ತಟ್ಟೆಗಳಿಗೆ ಚೀನಾದ ಔಷಧಿ ಪೇಟೆಯಲ್ಲಿ ಬೇಡಿಕೆ ಹುಟ್ಟಿದ ಮೇಲೆ, ಬಲೆಗೆ ಅಕಸ್ಮಾತ್ತಾಗಿ ಬೀಳುತ್ತಿದ್ದುದನ್ನು ಹಲವು ದೇಶಗಳಲ್ಲಿ ಬೇಕೆಂದೇ ಹಿಡಿಯತೊಡಗಿದರು. 2013ರಲ್ಲಿ ಬ್ಯಾಂಕಾಕಿನಲ್ಲಿ ಸೇರಿದ ರಾಷ್ಟ್ರಗಳು ಇದರ ವ್ಯಾಪಾರದ ಮೇಲೆ ನಿಯಂತ್ರಣಕ್ಕೆ ಒಪ್ಪಿದವು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯಲ್ಲಿ ಮಾಂಟಾಗಳಿಗೂ ರಕ್ಷಣೆ ದೊರೆಯಿತು. ಅದು ಜಾರಿಗೆ ಬಂದದ್ದು 2023ರ ಏಪ್ರಿಲ್ 1ರಂದು. ಮಲ್ಪೆಯ ದೋಣಿಯವರು 2021ರಲ್ಲಿ ಯಾವ ಕಾನೂನನ್ನೂ ಮುರಿದಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

ಮೀನಿಗೆ ಕಾನೂನಿನ ರಕ್ಷಣೆ ಹೊಸ ಕಾಲದ, ಪರದೇಶದ ಯೋಚನೆ ಎಂದುಕೊಂಡೀರಿ. ಇತಿಹಾಸದ ಮೇಷ್ಟರಾಗಿ ಇಲ್ಲಿ ನನಗೆ ಸ್ವಲ್ಪ ಅಧಿಕಾರವಿದೆ. ಅಶೋಕನ ಸ್ತಂಭಶಾಸನಗಳಲ್ಲಿ ಐದನೆಯದನ್ನು ತೆಗೆದು ನೋಡಿ. ಪಟ್ಟಾಭಿಷಿಕ್ತನಾಗಿ ಇಪ್ಪತ್ತಾರು ವರ್ಷಗಳಾದ ಮೇಲೆ ಆತ ಕೊಲ್ಲಬಾರದ ಜೀವಿಗಳ ಪಟ್ಟಿಯೊಂದನ್ನು ಸಾರುತ್ತಾನೆ. ಗಿಳಿ, ಮೈನಾ, ಹಂಸ, ಬಾವಲಿಗಳಾದ ಮೇಲೆ ನೀರಿನ ಜೀವಿಗಳು ಬರುತ್ತವೆ. ಅಲ್ಲಿ 'ಅನಠಿಕ ಮಛೆ' ಎಂಬ ಪದವಿದೆ: ಅನಸ್ಥಿಕ ಮತ್ಸ್ಯ, ಎಂದರೆ ಮೂಳೆಯಿಲ್ಲದ ಮೀನು. ಸ್ವಲ್ಪ ಮುಂದೆ 'ಸಂಕುಜ ಮಛೆ'. ಶಾಸನವನ್ನು ಸಂಪಾದಿಸಿದ ಹುಲ್ಟ್ಸ್ ಇದನ್ನು ತೊರಕೆಯ ಹತ್ತಿರದ ಬಂಧುವಾದ ಚಪ್ಪಟೆ ಮೀನೆಂದು ಅನುವಾದಿಸಿದ್ದಾನೆ. ತೊರಕೆಗೂ ಶಾರ್ಕಿಗೂ ನಿಜವಾಗಿ ಮೂಳೆಯಿಲ್ಲ, ನಮ್ಮ ಕಿವಿಯ ಹಾಲೆಯಲ್ಲಿರುವಂಥ ಮೃದ್ವಸ್ಥಿ ಮಾತ್ರ. ಅನಠಿಕವೆಂದರೆ ಯಾವ ಜೀವಿಯೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಸಿಗಡಿಯೆಂದವರೂ ಇದ್ದಾರೆ. ಪಾಟಲಿಪುತ್ರದ ಅರಸನಿಗೆ ಮಾಂಟಾ ಗೊತ್ತಿತ್ತೆಂದು ವಾದಿಸುವಷ್ಟು ಧೈರ್ಯ ನನಗಿಲ್ಲ. ಆದರೆ ಆ ಶಾಸನದ ಇನ್ನೊಂದು ಪದವನ್ನು ನಾನು ಎಂದೂ ಪಾಠದಲ್ಲಿ ಹೇಳಲಿಲ್ಲವಲ್ಲ ಎಂದು ಈಗ ನೊಂದುಕೊಳ್ಳುತ್ತೇನೆ: 'ಕೇವಟಭೋಗ', ಬೆಸ್ತರ ಮೀಸಲು ನೀರು. ಚಾತುರ್ಮಾಸ್ಯದ ಹುಣ್ಣಿಮೆಗಳಂಥ ಗೊತ್ತಾದ ದಿನಗಳಲ್ಲಿ ಮೀನನ್ನು ಕೊಲ್ಲುವಂತಿಲ್ಲ, ಮಾರುವಂತಿಲ್ಲ. ಆನೆಗಳ ಕಾಡಿನಲ್ಲಾಗಲಿ ಬೆಸ್ತರ ಮೀಸಲಿನಲ್ಲಾಗಲಿ ಬೇರೆ ಪ್ರಾಣಿಗಳನ್ನೂ ಕೊಲ್ಲುವಂತಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ ಜುಲೈ ತಿಂಗಳುಗಳಲ್ಲಿ ಯಂತ್ರದೋಣಿಗಳನ್ನು ಕಡಲಿಗಿಳಿಸಬಾರದೆಂಬ ಇಂದಿನ ನಿಯಮಕ್ಕೂ ಇದಕ್ಕೂ ಹೋಲಿಕೆ ಇಲ್ಲವೆ?

ಈ ಸ್ತಂಭಶಾಸನ ನಮ್ಮ ನಾಡಿನಲ್ಲಿಲ್ಲ. ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇರುವುದು, 1892ರಲ್ಲಿ ರೈಸ್ ಕಂಡುಹಿಡಿದದ್ದು, ಅಶೋಕನ ಕಿರುಶಾಸನ. ಅಲ್ಲಿಗೆ ನಾನು ನಿಮ್ಮಲ್ಲಿ ಕೆಲವರನ್ನು ಪ್ರವಾಸ ಕರೆದೊಯ್ದಿದ್ದೆ. ತಂದೆ ತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯ ಆಚಾರ್ಯನನ್ನು ಗೌರವಿಸಬೇಕು ಎಂದು ಅದರಲ್ಲಿದೆ. ಕೊನೆಯದನ್ನು ನಾನು ಎರಡು ಸಲ ಓದಿಸಿದ್ದೆನೆಂದು ನೀವು ಇಂದಿಗೂ ಹಾಸ್ಯ ಮಾಡುತ್ತೀರಿ. ಎರಡನೆಯದನ್ನು ಬೇಗ ದಾಟಿಸಿದೆ.

ಶಾಸನ ಓದದ ಜನರೂ ನೀರನ್ನು ಮೀಸಲಿಟ್ಟದ್ದುಂಟು. ಶೃಂಗೇರಿಯ ತುಂಗೆಯ ಮೆಟ್ಟಿಲ ಬಳಿ ಮಂಡಕ್ಕಿಗಾಗಿ ಬಾಯ್ತೆರೆಯುವ ಮೀನುಗಳನ್ನು ನೀವೆಲ್ಲ ನೋಡಿದ್ದೀರಿ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರನ ಗುಡಿಯ ಮುಂದಿನ ಕಪಿಲಾ ಹೊಳೆಯಲ್ಲಿಯೂ ಹಾಗೆಯೇ. ಅಲ್ಲಿನ ಮೀನು ದೇವರದು, ಯಾರೂ ಮುಟ್ಟರು. 1996ರಲ್ಲಿ ಯಾರೋ ದುರುಳರು ಆ ನೀರಿಗೆ ವಿಷ ಹಾಕಿದರು, ರಾಶಿ ರಾಶಿ ಮೀನು ಸತ್ತವು. ಊರವರು ಸತ್ತ ಮೀನುಗಳಿಗೊಂದು ಸ್ಮಾರಕ ಕಟ್ಟಿದರು. ವೀರಗಲ್ಲುಗಳ ನಾಡಿನಲ್ಲಿ ಮೀನಿಗೆ ನಿಂತ ಕಲ್ಲು ಎಂದು ಅದನ್ನು ಕಂಡಾಗ ನನಗನ್ನಿಸಿತು. ಆದರೆ ದೇವರ ಮೀಸಲು ಇರುವುದು ಮೆಟ್ಟಿಲಿನಿಂದ ಮೆಟ್ಟಿಲಿಗೆ, ಮಡುವಿನಿಂದ ಮಡುವಿಗೆ. ಸಾವಿರ ಹರದಾರಿ ಈಜುವ ಕೊಂಬು ತೊರಕೆಗೆ ಯಾವ ಗುಡಿಯ ಮೆಟ್ಟಿಲು ಸಾಕು?

ನನ್ನ ವಿದ್ಯಾರ್ಥಿ ಈಜಿದ ಜಾಗದ ಕಥೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮಾಲ್ಡೀವ್ಸ್ ನಮಗೆ ತೀರ ಅಪರಿಚಿತವಲ್ಲ. ನಮ್ಮ ಅಜ್ಜಿಯರು ಚೌಕಾಬಾರದಲ್ಲಿ ಗರ ಹಾಕುತ್ತಿದ್ದ ಕವಡೆಗಳು ಶತಮಾನಗಳ ಕಾಲ ಹೇರಳವಾಗಿ ಭಾರತಕ್ಕೆ ಬಂದದ್ದು ಆ ದ್ವೀಪಗಳಿಂದ. ಅಲ್ಲಿನ ಬಾ ಎಂಬ ದ್ವೀಪಸಮೂಹದಲ್ಲಿ ಹನಿಫಾರು ಎಂಬ ಪುಟ್ಟ ಕೊಲ್ಲಿಯಿದೆ. ನಮಗೆ ಮಳೆ ತರುವ ನೈಋತ್ಯ ಮಾರುತದ ತಿಂಗಳುಗಳಲ್ಲಿ ಪ್ರವಾಹಗಳು ಸೂಕ್ಷ್ಮಜೀವಿಗಳನ್ನು ಹೊತ್ತು ತಂದು ಆ ಕೊಲ್ಲಿಯೊಳಗೆ ತುಂಬುತ್ತವೆ, ಕಣಜದೊಳಗೆ ಧಾನ್ಯ ಸುರಿದಂತೆ. ಆಗ ಮಾಂಟಾಗಳು ಹತ್ತಾರಲ್ಲ, ಕೆಲವು ದಿನ ನೂರರಷ್ಟು ಬಂದು ಮೇಯುತ್ತವೆ. ತುಮಕೂರಿನಲ್ಲಿ ನಾವು ಮೋಡ ನೋಡುತ್ತ ನಿಂತಿರುವಾಗ ಅದೇ ಗಾಳಿ ಅಲ್ಲಿ ಅವುಗಳಿಗೆ ಊಟ ಬಡಿಸುತ್ತಿರುತ್ತದೆ. ಸುದ್ದಿ ಹರಡಿ ಪ್ರವಾಸಿಗರ ದೋಣಿಗಳು ಕಿಕ್ಕಿರಿದವು. 2009ರಲ್ಲಿ ಸರ್ಕಾರ ಆ ಕೊಲ್ಲಿಯನ್ನು ರಕ್ಷಿತ ಪ್ರದೇಶವೆಂದು ಘೋಷಿಸಿತು. 2011ರಲ್ಲಿ ಇಡೀ ಬಾ ಸಮೂಹ ಯುನೆಸ್ಕೋದ ಜೀವಗೋಲ ಮೀಸಲಾಯಿತು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಮುಳುಗುವುದನ್ನು ನಿಷೇಧಿಸಿದರು. ಕೊಳವೆಯ ಈಜಿಗೆ ಮಾತ್ರ ಅವಕಾಶ, ಅದೂ ಕಾವಲುಗಾರರ ಕಣ್ಣಳತೆಯಲ್ಲಿ. ಮುಟ್ಟುವಂತಿಲ್ಲ, ಏಕೆಂದರೆ ಅದರ ಮೈಮೇಲಿನ ಲೋಳೆ ಅಳಿಸಿದರೆ ರೋಗ ತಗಲುತ್ತದೆ. ಮೂರು ಮೀಟರ್ ದೂರದಲ್ಲಿರಬೇಕು. ಅದೇ ಹತ್ತಿರ ಬಂದರೆ ಅಲುಗಾಡದೆ ತೇಲಬೇಕು. 2014ರಲ್ಲಿ ಆ ದೇಶ ತನ್ನ ಇಡೀ ಕಡಲಿನಲ್ಲಿ ತೊರಕೆಗಳನ್ನು ಹಿಡಿಯುವುದನ್ನೇ ನಿಲ್ಲಿಸಿತು. ಇಂದು ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಾಂಟಾಗಳನ್ನು ಒಂದೊಂದಾಗಿ ಗುರುತಿಟ್ಟಿದ್ದಾರೆ. ಪ್ರತಿಯೊಂದರ ಹೊಟ್ಟೆಯ ಮೇಲಿನ ಕರಿಚುಕ್ಕೆಗಳ ವಿನ್ಯಾಸ ಬೇರೆ ಬೇರೆ, ನಮ್ಮ ಹೆಬ್ಬೆರಳಿನ ಗುರುತಿನಂತೆ. ಶಾಲೆಯ ಹಾಜರಿ ಪುಸ್ತಕ ನೆನಪಾಯಿತು.

ನಮ್ಮಲ್ಲಿ? ಮುರುಡೇಶ್ವರದಿಂದ ಸುಮಾರು ಹತ್ತು ನಾವಿಕ ಮೈಲಿ ದೂರದಲ್ಲಿ ನೇತ್ರಾಣಿ ಎಂಬ ದ್ವೀಪವಿದೆ. ಬ್ರಿಟಿಷರ ನಕ್ಷೆಗಳಲ್ಲಿ ಪಾರಿವಾಳದ ದ್ವೀಪ. ಸುತ್ತ ಹವಳ, ಬಣ್ಣದ ಮೀನು. ಮೇಲೆ ಬಿಳಿಹೊಟ್ಟೆಯ ಕಡಲ ಹದ್ದುಗಳ ಗೂಡು. ನೌಕಾಪಡೆ ಈ ದ್ವೀಪವನ್ನು ಫಿರಂಗಿಗಳ ಗುರಿಯಭ್ಯಾಸಕ್ಕೆ ಬಳಸಿದ್ದುಂಟು. ಪರಿಸರಾಸಕ್ತರು ಅದನ್ನು ವಿರೋಧಿಸಿದ್ದೂ ಉಂಟು. ಈಗ ಮಳೆಗಾಲ ಕಳೆದ ಮೇಲೆ ಅಲ್ಲಿಗೆ ಜನರನ್ನು ಈಜಲು ಕರೆದೊಯ್ಯುತ್ತಾರೆ. ಅಲ್ಲಿ ಮಾಂಟಾ ಸಿಕ್ಕೇ ಸಿಗುತ್ತದೆಂದು ಯಾರೂ ಮಾತು ಕೊಡಲಾರರು. ಹೊನ್ನಾವರದ ಬಳಿ ಅಪ್ಸರಕೊಂಡ ಮುಗಳಿ ಕಡಲ ವನ್ಯಧಾಮ ಈ ದಶಕದಲ್ಲಿ ಘೋಷಣೆಯಾಗಿದೆ. ನೆರೆಯ ಮಹಾರಾಷ್ಟ್ರ ಮಾಲ್ವಣದಲ್ಲಿ ಇದನ್ನು 1987ರಲ್ಲಿಯೇ ಮಾಡಿತ್ತು.

ಘೋಷಣೆಯಿಂದ ಬೆಸ್ತರ ಹೊಟ್ಟೆ ತುಂಬುವುದಿಲ್ಲ. ಮುಕ್ಕಾಲು ಟನ್ನಿನ ಮೀನು ಬಲೆಯಲ್ಲಿದ್ದಾಗ ಬಲೆ ಕತ್ತರಿಸಿ ಬಿಡು ಎಂದು ತುಮಕೂರಿನ ಜಗಲಿಯ ಮೇಲೆ ಕುಳಿತು ಹೇಳುವುದು ಸುಲಭ. ಗುಜರಾತಿನ ವೇರಾವಳದ ಕಡೆ ತಿಮಿಂಗಿಲ ಶಾರ್ಕಿನ ವಿಚಾರದಲ್ಲಿ ನಡೆದದ್ದು ನನಗೆ ಹೆಚ್ಚು ಮೆಚ್ಚುಗೆಯಾಯಿತು. 2001ರಲ್ಲಿ ಅದನ್ನು ಹಿಡಿಯಬಾರದೆಂದು ಕಾನೂನಾಯಿತು, ಆದರೆ ಬೆಸ್ತರ ಮನಸ್ಸು ತಿರುಗಿದ್ದು 2004ರಲ್ಲಿ ಆರಂಭವಾದ ಪ್ರಚಾರದಿಂದ. ರಾಮಕಥೆ ಹೇಳುವ ಮುರಾರಿ ಬಾಪು ಅವರು ಆ ಮೀನನ್ನು 'ವ್ಹಾಲಿ', ಹೆರಿಗೆಗೆ ತವರಿಗೆ ಬರುವ ಮುದ್ದಿನ ಮಗಳು ಎಂದರು. ಬಲೆ ಕತ್ತರಿಸಿ ಬಿಟ್ಟವರಿಗೆ ಬಲೆಯ ನಷ್ಟ ತುಂಬಿಕೊಡುವ ಏರ್ಪಾಡೂ ಆಯಿತು. ಮಾತು ಮತ್ತು ದುಡ್ಡು ಎರಡೂ ಬೇಕಾಯಿತೆಂಬುದನ್ನು ಗಮನಿಸಿ. ಅಲ್ಲಿಂದಾಚೆಗೆ ಬೆಸ್ತರು ತಾವೇ ನೂರಾರು ಶಾರ್ಕುಗಳನ್ನು ಕಡಲಿಗೆ ಮರಳಿಸಿದ್ದಾರೆ. ಬಾಣಂತನಕ್ಕೆ ಬಂದವಳನ್ನು ಬರಿಗೈಯಲ್ಲಿ ಕಳುಹಿಸದ ನಮ್ಮ ಕರಾವಳಿಯವರಿಗೆ ಈ ಮಾತು ಅರ್ಥವಾಗದೆ ಇರದು. ಕೊಂಬು ತೊರಕೆಗೆ ಹಾಗೆ ಮಾತನಾಡುವವರು ಇನ್ನೂ ಬರಬೇಕಾಗಿದೆ.

ವಿದ್ಯಾರ್ಥಿಗೆ ಉತ್ತರ ಬರೆದೆ: ಹೆಸರು ಕೊಂಬು ತೊರಕೆ, ಕಂಬಳಿ ಮೀನೆಂದು ಕರೆದರೆ ಅದು ನಿನ್ನ ಮೇಷ್ಟರ ಕಲ್ಪನೆ, ಮಗಳಿಗೆ ಎರಡನ್ನೂ ಹೇಳು. ಜೊತೆಗೆ, ಮೀನುಗಾರಿಕೆಯ ಪಾಠದಲ್ಲಿ ನಾನು ಅಡಿಗೆರೆ ಎಳೆದ ವಾಕ್ಯವನ್ನು ಹೊಡೆದುಹಾಕು ಎಂದೂ ಬರೆದೆ. ಅವನ ಮರುಪತ್ರ ಮರುದಿನವೇ ಬಂತು. "ಸಾರ್, ಆ ವಾಕ್ಯಕ್ಕೆ ನನಗೆ ಎರಡು ಅಂಕ ಕಳೆದಿದ್ದಿರಿ. ನೆನಪಿದೆಯಾ?"

ಕಿಟಕಿಯ ಪಕ್ಕದ ಹುಡುಗ ಅವನೇ. ಎರಡು ಅಂಕವನ್ನು ಈ ಮೂಲಕ ಮರಳಿಸಿದ್ದೇನೆ.